ಅಂಟಾರ್ಕ್ಟಿಕಾ ಹಡಗು ಹತ್ತುವ ಮುಂಚೆ ಉಶುವಾಯಾದಲ್ಲಿ ಎರಡು ದಿನ: ಗಂಡ-ಹೆಂಡತಿ ಹೊರಟರೆ ಏನೇನು ಮಾಡಬೇಕು

ಅಂಟಾರ್ಕ್ಟಿಕಾ ಹಡಗಿನ ಟಿಕೆಟ್ ಕೈಗೆ ಬಂದ ಮೇಲೆ ಎಲ್ಲರೂ ಹಾಕುವ ಲೆಕ್ಕ ಒಂದೇ. ಹಡಗು ಹೊರಡುವುದು ಶುಕ್ರವಾರ ಸಂಜೆ. ಗುರುವಾರ ರಾತ್ರಿ ಉಶುವಾಯಾ ತಲುಪಿದರೆ ಆಯ್ತಲ್ಲ, ಒಂದು ರಾತ್ರಿಯ ಹೋಟೆಲ್ ಖರ್ಚಾದರೂ ಉಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನಿಂದ ಅಲ್ಲಿಗೆ ಕಡಿಮೆ ಅಂದರೂ ಮೂರು ವಿಮಾನ ಹತ್ತಿ ಇಳಿಯಬೇಕು. ಅದರಲ್ಲಿ ಒಂದು ತಡವಾದರೂ, ಒಂದು ಬ್ಯಾಗ್ ಹಿಂದೆ ಉಳಿದರೂ ಹಡಗು ಕಾಯುವುದಿಲ್ಲ. ಇದು ಹೋದರೆ ಮುಂದಿನದು ಹಿಡಿಯೋಣ ಅನ್ನೋಕೆ ಮೆಜೆಸ್ಟಿಕ್‌ನ ಬಸ್ಸಲ್ಲ. ಹಡಗು ಹೊರಡುವ ದಿನ ಬಿಟ್ಟು, ಅದಕ್ಕೆ ಮುಂಚೆ ಎರಡು ರಾತ್ರಿ ಆ ಊರಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಊರು ನೋಡುವುದು ಆಮೇಲಿನ ಮಾತು. ಆ ಎರಡು ದಿನ ಮೊದಲು ಬ್ಯಾಗಿಗೆ, ಬಟ್ಟೆಗೆ, ನಿದ್ದೆಗೆ.

ಉಶುವಾಯಾ ಇರುವುದು ಅರ್ಜೆಂಟೀನಾದ ತೀರಾ ದಕ್ಷಿಣದಲ್ಲಿ, ಟಿಯೆರಾ ಡೆಲ್ ಫ್ಯೂಗೊ ಎಂಬ ದ್ವೀಪದ ಮೇಲೆ, ಬೀಗಲ್ ಕಡಲ್ಗಾಲುವೆಯ ದಡದಲ್ಲಿ. 1884ರಲ್ಲಿ ಶುರುವಾದ ಊರು. ಈಗ 80 ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಇಲ್ಲಿಂದ ಅಂಟಾರ್ಕ್ಟಿಕಾ ಸುಮಾರು 1000 ಕಿಲೋಮೀಟರ್. ಅದಕ್ಕೇ ಅಂಟಾರ್ಕ್ಟಿಕಾಕ್ಕೆ ಹೋಗುವ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಹೊರಡುವುದು ಈ ಬಂದರಿನಿಂದಲೇ, ನವೆಂಬರಿನಿಂದ ಮಾರ್ಚ್‌ವರೆಗೆ. ಅಂಗಡಿ, ಬೋರ್ಡು, ಟೀ ಶರ್ಟು, ಎಲ್ಲ ಕಡೆ 'ಜಗತ್ತಿನ ಕೊನೆ' ಅಂತ ಬರೆದಿರುತ್ತಾರೆ. ಕಡಲ್ಗಾಲುವೆಯ ಆಚೆ ದಡದಲ್ಲಿ ಚಿಲಿ ದೇಶದ ಪುವೆರ್ಟೊ ವಿಲಿಯಮ್ಸ್ ಅನ್ನುವ ಊರು ಇನ್ನೂ ದಕ್ಷಿಣಕ್ಕಿದೆ. ಆದರೆ ಅದನ್ನು ಉಶುವಾಯಾದಲ್ಲಿ ಯಾರ ಹತ್ತಿರವೂ ಹೇಳಬೇಡಿ!

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾರತದ ಮೈತ್ರಿ, ಭಾರತಿ ಕೇಂದ್ರಗಳನ್ನು ನೋಡಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಆಗುವುದಿಲ್ಲ. ಅವು ಅಂಟಾರ್ಕ್ಟಿಕಾದ ಪೂರ್ವ ಭಾಗದಲ್ಲಿವೆ. ನಮ್ಮ ವಿಜ್ಞಾನಿಗಳು ಅಲ್ಲಿಗೆ ಹೋಗುವುದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಕಡೆಯಿಂದ. ಉಶುವಾಯಾದ ಹಡಗುಗಳು ಹೋಗುವುದು ಅಂಟಾರ್ಕ್ಟಿಕಾದ ಪರ್ಯಾಯ ದ್ವೀಪಕ್ಕೆ, ಅಂದರೆ ಇನ್ನೊಂದು ಮೂಲೆಗೆ.

ಮೊದಲು ಕಾಗದಪತ್ರ

ಭಾರತದ ಪಾಸ್‌ಪೋರ್ಟಿಗೆ ಅರ್ಜೆಂಟೀನಾ ವೀಸಾ ಬೇಕು. ಅಮೆರಿಕದ ಪ್ರವಾಸಿ ವೀಸಾ ಚಾಲ್ತಿಯಲ್ಲಿ ಇರುವವರಿಗೆ 2025ರಲ್ಲಿ ವಿನಾಯಿತಿ ಕೊಟ್ಟರು. ಇಂಥ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡುವ ಮುಂಚೆ ದೆಹಲಿಯ ರಾಯಭಾರ ಕಚೇರಿ ಅಥವಾ ಮುಂಬೈ ಕಾನ್ಸುಲೇಟಿನಲ್ಲಿ ಒಮ್ಮೆ ವಿಚಾರಿಸಿ. ವೀಸಾ ಮಾಡಿಸುವುದಾದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಆಗುವಂಥದ್ದೇ ಕೇಳಿ. ಹಡಗು ಹತ್ತಿದಾಗ ನೀವು ದೇಶ ಬಿಟ್ಟ ಹಾಗೆ, ಇಳಿದಾಗ ಮತ್ತೆ ಒಳಗೆ ಬಂದ ಹಾಗೆ.

ಎಲ್ಲರೂ ಮರೆಯುವುದು ಹಳದಿ ಜ್ವರದ ಲಸಿಕೆ. ಉಶುವಾಯಾದ ಚಳಿಯಲ್ಲಿ ಆ ಸೊಳ್ಳೆ ಇಲ್ಲ, ನಿಜ. ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಅರ್ಜೆಂಟೀನಾ ಇದೆ. ದಾರಿಯಲ್ಲಿ ಸಿಗುವ ಬ್ರೆಜಿಲ್, ಇಥಿಯೋಪಿಯಾ ಕೂಡ ಇವೆ. ಪ್ರಮಾಣಪತ್ರ ಇಲ್ಲದೆ ವಾಪಸ್ ಬಂದರೆ ವಿಮಾನ ನಿಲ್ದಾಣದಿಂದ ಮನೆಗೆ ಬಿಡದೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಈ ಪ್ರವಾಸಕ್ಕೆ ಹೊರಡುವವರಲ್ಲಿ ನಿವೃತ್ತರಾದವರೇ ಜಾಸ್ತಿ ಅಲ್ವಾ, ಅದಕ್ಕೇ ಹೇಳಿದೆ.

ವಿಮೆ ಮಾಡಿಸುವಾಗ ಒಂದು ಸಾಲು ಹುಡುಕಿ: ಅಂಟಾರ್ಕ್ಟಿಕಾದಿಂದ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಖರ್ಚು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅದು ಇರುವುದು ಅಪರೂಪ. ಹಡಗಿನವರು ಅದಿಲ್ಲದೆ ಹತ್ತಿಸುವುದಿಲ್ಲ.

ವಿಮಾನ, ಬ್ಯಾಗು

ದೋಹಾ, ದುಬೈ, ಇಸ್ತಾಂಬುಲ್, ಆಡಿಸ್ ಅಬಾಬಾ, ಯಾವ ದಾರಿ ಹಿಡಿದರೂ ಬ್ಯೂನಸ್ ಐರಿಸ್‌ಗೆ ಬರಬೇಕು. ಅಲ್ಲಿ ಎರಡು ವಿಮಾನ ನಿಲ್ದಾಣ. ವಿದೇಶದ ವಿಮಾನ ಇಳಿಯುವುದು ಹೆಚ್ಚಾಗಿ ಎಸೆಯ್ಸಾದಲ್ಲಿ, ಅದು ಊರ ಹೊರಗೆ. ಉಶುವಾಯಾ ವಿಮಾನ ಬಹಳಷ್ಟು ಸಲ ಹೊರಡುವುದು ಊರೊಳಗಿನ ಏರೊಪಾರ್ಕೆಯಿಂದ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಒಂದು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಟಿಕೆಟಿನಲ್ಲಿ ಯಾವ ನಿಲ್ದಾಣ ಅಂತ ಇಬ್ಬರೂ ಒಂದೊಂದು ಸಲ ಓದಿ. ಬ್ಯೂನಸ್ ಐರಿಸ್‌ನಲ್ಲಿ ಒಂದು ರಾತ್ರಿ ಮಲಗಿ ಹೊರಡುವುದು ಎಲ್ಲಕ್ಕಿಂತ ವಾಸಿ. ಅಲ್ಲಿಂದ ಉಶುವಾಯಾಕ್ಕೆ ಮೂರೂವರೆ ಗಂಟೆ. ಆ ದೇಶದಲ್ಲಿ ವಿಮಾನ ಸಿಬ್ಬಂದಿಯ ಮುಷ್ಕರ ಹೊಸದೇನಲ್ಲ. ಉಶುವಾಯಾದ ಗಾಳಿಯೂ ಆಗಾಗ ವಿಮಾನವನ್ನು ತಡೆಯುತ್ತದೆ. ದೇಶದೊಳಗಿನ ವಿಮಾನದಲ್ಲಿ ಬ್ಯಾಗಿನ ತೂಕದ ಮಿತಿ ವಿದೇಶದ ವಿಮಾನಕ್ಕಿಂತ ಕಡಿಮೆ ಇರಬಹುದು. ಅದನ್ನೂ ಮನೆಯಲ್ಲೇ ನೋಡಿಕೊಳ್ಳಿ.

ಇಬ್ಬರು ಹೊರಟಾಗ ಒಂದು ಉಪಾಯ ಇದೆ. ಅವರ ಬ್ಯಾಗು, ಇವರ ಬ್ಯಾಗು ಅಂತ ಮಾಡಲೇಬೇಡಿ. ಎರಡು ಬ್ಯಾಗಿನಲ್ಲೂ ಇಬ್ಬರ ಬಟ್ಟೆ ಅರ್ಧರ್ಧ ಹಾಕಿ. ಒಂದು ಬ್ಯಾಗ್ ಕಳೆದರೂ ಇಬ್ಬರಿಗೂ ಒಂದೊಂದು ಜೊತೆ ಥರ್ಮಲ್, ಒಂದೊಂದು ಸ್ವೆಟರ್ ಇರುತ್ತದೆ. ಮೊದಲು ಹೀಗೆ ಹೇಳಿದಾಗ ನಮ್ಮ ಮನೆಯವರು ನಕ್ಕರು. ಬ್ಯೂನಸ್ ಐರಿಸ್‌ನಲ್ಲಿ ಬೆಲ್ಟಿನ ಮೇಲೆ ಬ್ಯಾಗ್ ಬರುವುದು ತಡವಾದಾಗ ಅವರೇ ಪಕ್ಕದಲ್ಲಿ ನಿಂತಿದ್ದವರಿಗೆ ಈ ಉಪಾಯ ಹೇಳಿಕೊಡುತ್ತಿದ್ದರು. ದಪ್ಪ ಶೂ, ದಪ್ಪ ಜಾಕೆಟ್ ಮೈಮೇಲೇ ಇರಲಿ. ಮಾತ್ರೆ, ಕನ್ನಡಕ, ಕ್ಯಾಮೆರಾ ಕೈಚೀಲದಲ್ಲಿ.

ತಿಂಡಿಯ ವಿಷಯ. ಅರ್ಜೆಂಟೀನಾದ ದಕ್ಷಿಣ ಭಾಗಕ್ಕೆ ಹಸಿ ಹಣ್ಣು, ತರಕಾರಿ, ಮಾಂಸ ಒಯ್ಯುವಂತಿಲ್ಲ, ತಪಾಸಣೆ ಇದೆ. ಅವಲಕ್ಕಿ, ಚಟ್ನಿಪುಡಿ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ಟಿನಲ್ಲಿ ಇರಲಿ, ಕೇಳಿದರೆ ತೋರಿಸಿ. ಮನೆಯಲ್ಲಿ ಕಟ್ಟಿದ ಪೊಟ್ಟಣ ಬೇಡ.

ಹೋಟೆಲ್ ಎಲ್ಲಿ ಹಿಡಿಯಬೇಕು

ಊರು ಬೆಟ್ಟದ ಇಳಿಜಾರಿನಲ್ಲಿದೆ. ನೀರಿನ ಪಕ್ಕದ ರಸ್ತೆ ಮೈಪು. ಅದರ ಮೇಲೆ ಸಾನ್ ಮಾರ್ಟಿನ್, ಅದೇ ಅಂಗಡಿ ಬೀದಿ. ಅದರ ಮೇಲೆ ಡೆಲೋಕಿ, ಇನ್ನೂ ಮೇಲೆ ಗೊಬೆರ್ನಡೋರ್ ಪಾಸ್. ಒಂದೊಂದು ರಸ್ತೆ ಮೇಲೆ ಹೋದ ಹಾಗೆ ಕಡಲಿನ ನೋಟ ಚೆಂದವಾಗುತ್ತದೆ, ಮಂಡಿಗೆ ಕಷ್ಟವಾಗುತ್ತದೆ. ನಕ್ಷೆಯಲ್ಲಿ 300 ಮೀಟರ್ ಅಂತ ತೋರಿಸಿದ್ದು ನಿಜಕ್ಕೂ ಮೆಟ್ಟಿಲಿನ ದಾರಿ ಇರಬಹುದು. ಈ ನಾಲ್ಕು ರಸ್ತೆಯ ಒಳಗೆ ಹೋಟೆಲ್ ಹಿಡಿದರೆ ಬಂದರಿಗೂ ಅಂಗಡಿಗೂ ನಡೆದೇ ಹೋಗಬಹುದು. ಊರ ಹೊರಗೆ ಬೆಟ್ಟದ ಮೇಲಿನ ದುಬಾರಿ ಹೋಟೆಲ್‌ಗಳು ನೋಡಲು ಚೆನ್ನ. ಆದರೆ ಪ್ರತಿ ಸಲ ಟ್ಯಾಕ್ಸಿ ಬೇಕು. ಎರಡು ದಿನಕ್ಕೆ ಅದು ಸುಮ್ನೆ ದಂಡ.

ಬ್ಯೂನಸ್ ಐರಿಸ್‌ನಲ್ಲಿ ಉಳಿದ ರಾತ್ರಿಯ ಹೋಟೆಲ್ ಬಿಲ್ಲನ್ನು ಭಾರತದ ಕಾರ್ಡಿನಲ್ಲೇ ಕಟ್ಟಿ, ಪಾಸ್‌ಪೋರ್ಟ್ ತೋರಿಸಿ. ವಿದೇಶಿ ಪ್ರವಾಸಿಗಳು ವಿದೇಶದ ಕಾರ್ಡಿನಲ್ಲಿ ಕಟ್ಟಿದರೆ ಕೋಣೆ ಬಾಡಿಗೆಯ ಮೇಲಿನ 21% ತೆರಿಗೆ ಬಿಡುತ್ತಾರೆ. ಅವರಾಗಿ ಹೇಳದಿದ್ದರೆ ನೀವೇ ಕೇಳಿ. ಉಳಿದ ಖರ್ಚಿಗೆ ಸ್ವಲ್ಪ ಡಾಲರ್ ಇರಲಿ, ಮಡಿಕೆ-ಕಲೆ ಇಲ್ಲದ ಹೊಸ ನೋಟೇ ಆಗಬೇಕು. ಅಲ್ಲಿನ ಹಣ ಪೆಸೊ, ಅದನ್ನು ಜಾಸ್ತಿ ಮಾಡಿಸಿಕೊಳ್ಳಬೇಡಿ. ಆ ದೇಶದಲ್ಲಿ ಬೆಲೆ ಏರುವ ವೇಗ ನಿಮಗೆ ಗೊತ್ತೇ ಇದೆ.

ಕೋಣೆಯಲ್ಲಿ ದಪ್ಪ ಪರದೆ ಇದೆಯಾ ನೋಡಿ. ಡಿಸೆಂಬರಿನಲ್ಲಿ ಬೆಳಗ್ಗೆ 5ಕ್ಕೆ ಮುಂಚೆ ಸೂರ್ಯ ಹುಟ್ಟುತ್ತಾನೆ, ರಾತ್ರಿ 10 ದಾಟಿದ ಮೇಲೆ ಮುಳುಗುತ್ತಾನೆ. ಕಣ್ಣುಪಟ್ಟಿ ಒಯ್ಯಿರಿ. ಚಾರ್ಜರಿಗೆ ಆಸ್ಟ್ರೇಲಿಯಾದ ಥರದ ಓರೆ ಪಿನ್ನಿನ ಅಡಾಪ್ಟರ್ ಬೇಕು. ಕರೆಂಟು 220 ವೋಲ್ಟ್, ಹೆಚ್ಚುಕಡಿಮೆ ನಮ್ಮಷ್ಟೇ. ನಲ್ಲಿ ನೀರು ಕುಡಿಯಬಹುದು.

ಬಂದಿಳಿದ ದಿನ

ಏನೂ ನೋಡಬೇಡಿ. ವಿಮಾನ ನಿಲ್ದಾಣದಿಂದ ಊರು ಟ್ಯಾಕ್ಸಿಯಲ್ಲಿ ಹತ್ತು-ಹದಿನೈದು ನಿಮಿಷ. ಕೋಣೆಗೆ ಹೋಗಿ ಎರಡೂ ಬ್ಯಾಗ್ ಬಿಚ್ಚಿ, ಹಾಸಿಗೆ ಮೇಲೆ ಎಲ್ಲ ಹರಡಿ, ಏನಿದೆ ಏನಿಲ್ಲ ಪಟ್ಟಿ ಮಾಡಿ. ಭಾರತಕ್ಕಿಂತ ಎಂಟೂವರೆ ಗಂಟೆ ಹಿಂದೆ ಇದ್ದೀರಿ, ಸಂಜೆ ಆರಕ್ಕೇ ಕಣ್ಣು ಎಳೆಯುತ್ತದೆ. ಮಲಗಬೇಡಿ, ಕಡಲ ದಂಡೆಯಲ್ಲಿ ಓಡಾಡಿ. ಬಂದರಿನಲ್ಲಿ ನಿಮ್ಮ ಹಡಗಿಗೆ ಮುಂಚಿನ ಹಡಗುಗಳು ನಿಂತಿರುತ್ತವೆ.

ಊಟದ ಹೊತ್ತು ತಡ. ಎಷ್ಟೋ ಹೋಟೆಲಿನಲ್ಲಿ ಅಡುಗೆಮನೆ ತೆರೆಯುವುದೇ ರಾತ್ರಿ 8ಕ್ಕೆ. ಮಾಂಸ ತಿನ್ನುವವರಿಗೆ ಇದು ಸ್ವರ್ಗ: ಕೆಂಡದ ಪಕ್ಕ ಶಿಲುಬೆಯ ಥರ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ ಕುರಿಮರಿ, ಮತ್ತೆ ಸೆಂಟೋಯಾ ಅನ್ನುವ ದೊಡ್ಡ ಏಡಿ. ಏಡಿ ಅಗ್ಗವಲ್ಲ, ಇಬ್ಬರಿಗೆ ಒಂದು ಹೇಳಿದರೆ ಸಾಕು. ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಜೋಳ ತುಂಬಿದ ಅಥವಾ ಚೀಸ್ ತುಂಬಿದ ಎಂಪನಾಡ ಅಂದರೆ ನಮ್ಮ ಕರ್ಜಿಕಾಯಿಯ ಆಕಾರದ್ದು, ಒಳಗೆ ಖಾರ ಇಲ್ಲ. ಪ್ರೊವೊಲೆಟಾ ಅನ್ನುವ ಸುಟ್ಟ ಚೀಸ್, ನ್ಯೋಕಿ ಅನ್ನುವ ಆಲೂಗಡ್ಡೆಯ ಸಣ್ಣ ಉಂಡೆ, ಪಿಜ್ಜಾ ಸಿಗುತ್ತವೆ. ಹೇಳುವಾಗ ಮಾತ್ರ ಬಿಡಿಸಿ ಹೇಳಿ. ಬರೀ 'ಮಾಂಸ ಬೇಡ' ಅಂದರೆ ಹಂದಿಯ ಹ್ಯಾಮ್ ಹಾಕಿ ತರುವ ಸಾಧ್ಯತೆ ಇದೆ. 'ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೋಯೊ, ಸಿನ್ ಪೆಸ್ಕಾಡೊ' ಅಂತ ನಾಲ್ಕನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ: ಮಾಂಸ, ಹ್ಯಾಮ್, ಕೋಳಿ, ಮೀನು, ನಾಲ್ಕೂ ಬೇಡ. ಸೂಪರ್‌ಮಾರ್ಕೆಟಿನಲ್ಲಿ ಮೊಸರು, ಬ್ರೆಡ್, ಹಣ್ಣು ಸಿಗುತ್ತದೆ. ಚಟ್ನಿಪುಡಿ ಜೊತೆ ಮೊಸರು ಕಲಸಿಕೊಂಡ ಒಂದು ರಾತ್ರಿ ನಮಗಂತೂ ಕುರಿಮರಿಗಿಂತ ರುಚಿಯಾಗಿತ್ತು.

ಎರಡನೇ ದಿನ ಬೆಳಗ್ಗೆ: ಬಟ್ಟೆ ಅಂಗಡಿ

ಇದನ್ನು ಮಧ್ಯಾಹ್ನಕ್ಕೆ ಇಡಬೇಡಿ. ಎಷ್ಟೋ ಅಂಗಡಿ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ.

ಹಡಗಿನವರು ಏನು ಕೊಡುತ್ತಾರೆ ಅಂತ ಮೊದಲೇ ತಿಳಿದಿರಬೇಕು. ಹೆಚ್ಚಿನ ಹಡಗಿನಲ್ಲಿ ರಬ್ಬರ್ ಬೂಟು ಎರವಲು ಕೊಡುತ್ತಾರೆ, ಕೆಲವರು ದಪ್ಪ ಜಾಕೆಟ್ಟನ್ನೂ ಕೊಡುತ್ತಾರೆ. ನೀರು ಇಳಿಯದ ಪ್ಯಾಂಟ್ ಮಾತ್ರ ನಮ್ಮದೇ ಆಗಬೇಕು, ಮತ್ತೆ ಅದೇ ಎಲ್ಲಕ್ಕಿಂತ ಮುಖ್ಯ. ದಡಕ್ಕೆ ಒಯ್ಯುವುದು ಸಣ್ಣ ರಬ್ಬರ್ ದೋಣಿಯಲ್ಲಿ. ಅಲೆಯ ನೀರು ಚಿಮ್ಮಿ ತೊಡೆ ಮೇಲೆ ಬೀಳುತ್ತದೆ, ಇಳಿಯುವಾಗ ಮೊಣಕಾಲಿನ ತನಕ ನೀರು. ಜೀನ್ಸ್ ಹಾಕಿದರೆ ಕಥೆ ಮುಗಿಯಿತು. ಉಶುವಾಯಾದಲ್ಲಿ ಇಂಥ ಪ್ಯಾಂಟು, ಜಾಕೆಟ್ಟು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ತಂದು ಆಮೇಲೆ ಬೀರುವಿನಲ್ಲಿ ಇಡುವುದಕ್ಕಿಂತ ಬಾಡಿಗೆಯೇ ಲೇಸು.

ಅಂಗಡಿಯಲ್ಲಿ ಸುಮ್ಮನೆ ಸೊಂಟಕ್ಕೆ ಹಿಡಿದು ನೋಡಿ ತರಬೇಡಿ. ಒಳಗೆ ಥರ್ಮಲ್ ಹಾಕಿಕೊಂಡೇ ಹೋಗಿ, ಅದರ ಮೇಲೆ ಪ್ಯಾಂಟ್ ಹಾಕಿ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಏಳಿ. ಒಂದು ಕಾಲನ್ನು ಸ್ಟೂಲಿನ ಮೇಲೆ ಎತ್ತಿಡಿ, ದೋಣಿ ಹತ್ತುವಾಗ ಎತ್ತುವಷ್ಟು ಎತ್ತರಕ್ಕೆ. ತೊಡೆಸಂದಿಯಲ್ಲಿ ಹಿಡಿದರೆ ಒಂದು ಅಳತೆ ದೊಡ್ಡದು ಕೇಳಿ. ಪ್ಯಾಂಟಿನ ಕೆಳತುದಿ ರಬ್ಬರ್ ಬೂಟಿನ ಹೊರಗೆ ಬರಬೇಕು. ಒಳಗೆ ಸಿಕ್ಕಿಸಿದರೆ ನೀರೆಲ್ಲ ಬೂಟಿಗೇ ಇಳಿಯುತ್ತದೆ. ಜಿಪ್ಪನ್ನು ನಾಲ್ಕು ಸಲ ಎಳೆದು ನೋಡಿ. ವಾಪಸ್ ಬಂದ ದಿನ ಎಷ್ಟು ಹೊತ್ತಿಗೆ ಬಟ್ಟೆ ಮರಳಿಸಬೇಕು ಅಂತ ರಸೀದಿಯ ಮೇಲೇ ಬರೆಸಿಕೊಳ್ಳಿ.

ಥರ್ಮಲ್, ಉಣ್ಣೆ ಕಾಲುಚೀಲ, ಕೈಗವಸು ಎರಡೆರಡು ಜೊತೆ ಊರಿನಿಂದಲೇ ತನ್ನಿ. ಉಶುವಾಯಾದಲ್ಲಿ ಅದು ದುಬಾರಿ. ಇಡೀ ದ್ವೀಪಕ್ಕೆ 1972ರಿಂದ ತೆರಿಗೆ ರಿಯಾಯಿತಿ ಇದೆ ಅಂತ ಕೇಳಿ ಅಗ್ಗದ ಆಸೆ ಇಟ್ಟುಕೊಳ್ಳಬೇಡಿ. ಅಷ್ಟು ದೂರ ಬಂದ ಸರಕಿಗೆ ಸಾಗಣೆಯ ಖರ್ಚು ಸೇರಿರುತ್ತದೆ. ಹಾಗೇ, ನಗಬೇಡಿ, ನಮ್ಮ ಮಂಕಿ ಕ್ಯಾಪ್ ಒಯ್ಯಿರಿ. ಆ ಗಾಳಿಗೆ ಅದಕ್ಕಿಂತ ಒಳ್ಳೆಯದು ಯಾವ ಕಂಪನಿಯೂ ಮಾಡಿಲ್ಲ. ಬಿಸಿಲು ಕಮ್ಮಿ ಅನ್ನಿಸಿದರೂ ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಬೇಕೇ ಬೇಕು.

ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸದಿರಲು ಮಾತ್ರೆ ನಮ್ಮ ಊರಿನಿಂದಲೇ, ಡಾಕ್ಟರ್ ಚೀಟಿಯ ಜೊತೆ. ಅಂಟಾರ್ಕ್ಟಿಕಾಕ್ಕೆ ಹೋಗುವಾಗ ದಾಟಬೇಕಾದ ತೆರೆದ ಕಡಲು, ಡ್ರೇಕ್ ಪ್ಯಾಸೇಜ್, ಸುಮಾರು 800 ಕಿಲೋಮೀಟರ್ ಅಗಲ. ದಾಟಲು ಹೆಚ್ಚುಕಡಿಮೆ ಎರಡು ದಿನ. ಹೊಟ್ಟೆ ತೊಳಸದಂತೆ ಕಿವಿ ಹಿಂದೆ ಅಂಟಿಸುವ ಔಷಧಿ ಪಟ್ಟಿಯನ್ನು ಸಹಪ್ರಯಾಣಿಕರು ಪ್ರೀತಿಯಿಂದ ಕೊಡಲು ಬರುತ್ತಾರೆ. ಕಣ್ಣಿನ ಗ್ಲೂಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ಅದನ್ನು ಮುಟ್ಟಬೇಡಿ.

ಉಳಿದ ಹೊತ್ತಿನಲ್ಲಿ ಏನು ನೋಡಬಹುದು

ಎಲ್ಲ ಸೇರಿ ಒಂದು ದಿನದಷ್ಟು ಹೊತ್ತು ಉಳಿಯಿತು ಅಂದುಕೊಳ್ಳೋಣ. ನನ್ನ ಆಯ್ಕೆ ಎರಡೇ: ಹಳೆಯ ಜೈಲು, ಮತ್ತೆ ರಾಷ್ಟ್ರೀಯ ಉದ್ಯಾನ.

ಈ ಊರು ಬೆಳೆದಿದ್ದೇ ಜೈಲಿನಿಂದ. 1902ರಲ್ಲಿ ಕೈದಿಗಳ ಕೈಯಲ್ಲೇ ಕಟ್ಟಡ ಕಟ್ಟಿಸಲು ಶುರು ಮಾಡಿದರು. 1947ರಲ್ಲಿ ಮುಚ್ಚಿದರು. ನಡುವೆ ಒಂದು ಹಜಾರ, ಅಲ್ಲಿಂದ ಐದು ದಿಕ್ಕಿಗೆ ಐದು ಸಾಲು ಕೋಣೆಗಳು. ಈಗ ಅದು ವಸ್ತುಸಂಗ್ರಹಾಲಯ. ಹೆಚ್ಚಿನ ಸಾಲುಗಳಿಗೆ ಬಣ್ಣ ಬಳಿದು, ಹೀಟರ್ ಹಾಕಿ, ಗಾಜಿನ ಪೆಟ್ಟಿಗೆ ಇಟ್ಟಿದ್ದಾರೆ. ಒಂದು ಸಾಲನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದಾರೆ. ಅದರೊಳಗೆ ಕಾಲಿಟ್ಟ ಕೂಡಲೇ ಚಳಿ ಮುಖಕ್ಕೆ ಹೊಡೆಯುತ್ತದೆ. ಸುಣ್ಣ ಎದ್ದು ಹಕ್ಕಳೆಯಾಗಿ ನೇತಾಡುವ ಗೋಡೆ, ತುಕ್ಕು ಹಿಡಿದ ಚಿಲಕ. ಜಾಕೆಟ್ ಕಳಚಿ ಕೈಯಲ್ಲಿ ಹಿಡಿದಿದ್ದವರೆಲ್ಲ ಅಲ್ಲಿ ಮತ್ತೆ ಹಾಕಿಕೊಳ್ಳುತ್ತಾರೆ. ಪೊಲೀಸ್ ಮುಖ್ಯಸ್ಥನನ್ನು 1909ರಲ್ಲಿ ಕೊಂದ ಅರಾಜಕತಾವಾದಿ ಸಿಮೋನ್ ರಾಡೋವಿಟ್ಸ್ಕಿ ಈ ಜೈಲಿನಲ್ಲೇ ಇದ್ದ. 1918ರಲ್ಲಿ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದ. ಇದೇ ಆವರಣದಲ್ಲಿ ಅಂಟಾರ್ಕ್ಟಿಕಾ ವಿಭಾಗವೂ ಇದೆ. ಸ್ವೀಡನ್ನಿನ ನೋರ್ಡೆನ್‌ಷೋಲ್ಡ್ ತಂಡದ ಜೊತೆ ಹೋಗಿ ಅಲ್ಲಿ ಚಳಿಗಾಲ ಕಳೆದ ಅರ್ಜೆಂಟೀನಾದ ಹೋಸೆ ಮರಿಯಾ ಸೊಬ್ರಾಲ್, 1903ರಲ್ಲಿ ಅವರನ್ನು ಕಾಪಾಡಿ ತಂದ 'ಉರುಗ್ವಾಯ್' ಹಡಗು, ಇದನ್ನೆಲ್ಲ ಓದಿಕೊಂಡು ಹಡಗು ಹತ್ತಿದರೆ ಮುಂದೆ ಕಾಣುವ ಜಾಗಗಳ ಹೆಸರು ಹೊಸದಾಗಿರುವುದಿಲ್ಲ.

ಟಿಯೆರಾ ಡೆಲ್ ಫ್ಯೂಗೊ ರಾಷ್ಟ್ರೀಯ ಉದ್ಯಾನ ಊರಿನಿಂದ ಸುಮಾರು 12 ಕಿಲೋಮೀಟರ್. ಮೈಪು ರಸ್ತೆಯಿಂದ ಬೇಸಿಗೆಯಲ್ಲಿ ಬಸ್ಸು ಇದೆ. ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತು ಮೊದಲು ಕೇಳಿಕೊಳ್ಳಿ. ಕಾಲು ಗಟ್ಟಿ ಇರುವವರಿಗೆ ಕಡಲ ಅಂಚಿನ ಕಾಲುದಾರಿ, ಸುಮಾರು 8 ಕಿಲೋಮೀಟರ್, ನಾಲ್ಕು ಗಂಟೆ. ಆಗದವರು ಬಸ್ಸಿನಲ್ಲೇ ಲಪಟಾಯಾ ಕೊಲ್ಲಿಗೆ ಹೋಗಿ. ಅರ್ಜೆಂಟೀನಾದ 3ನೇ ನಂಬರಿನ ಹೆದ್ದಾರಿ ಮುಗಿಯುವುದು ಅಲ್ಲೇ. ಬ್ಯೂನಸ್ ಐರಿಸ್‌ಗೆ 3079 ಕಿಲೋಮೀಟರ್ ಅಂತ ಬೋರ್ಡ್ ಇದೆ. ಒಬ್ಬರು ನಡೆದು, ಇನ್ನೊಬ್ಬರು ಬಸ್ಸಿನಲ್ಲಿ ಹೋಗಿ ಅಲ್ಲಿ ಸೇರಬಹುದು. ಇಬ್ಬರೂ ಎಲ್ಲವನ್ನೂ ಜೊತೆಯಲ್ಲೇ ಮಾಡಬೇಕು ಅಂತ ಏನಿದೆ? ಫೋನ್ ಸಿಗ್ನಲ್ ನಂಬಬೇಡಿ, ಗಂಟೆ ಗೊತ್ತು ಮಾಡಿಕೊಳ್ಳಿ.

ಪಕ್ಕದಲ್ಲೇ ಕೈದಿಗಳು ಸೌದೆ ತರುತ್ತಿದ್ದ ಪುಟ್ಟ ರೈಲು ಈಗ ಪ್ರವಾಸಿಗಳಿಗಾಗಿ ಓಡುತ್ತದೆ. ದಾರಿಯಲ್ಲಿ ಕಡಿದ ಮರದ ಮೋಟುಗಳು ಕಾಣುತ್ತವೆ, ಕೆಲವು ಗಿಡ್ಡ, ಕೆಲವು ಎತ್ತರ. ಚಳಿಗಾಲದಲ್ಲಿ ಹಿಮದ ಮೇಲೆ ನಿಂತು ಕಡಿದ ಮರದ ಮೋಟು ಎತ್ತರ ಉಳಿದಿದೆ. ಟಿಕೆಟ್ ದರಕ್ಕೆ ಇಷ್ಟೇನಾ ಅಂತ ಅನ್ನಿಸಬಹುದು.

ಪೆಂಗ್ವಿನ್ ದ್ವೀಪದ ಪ್ರವಾಸವನ್ನು ಎಲ್ಲ ಏಜೆಂಟರೂ ತೋರಿಸುತ್ತಾರೆ. ಇನ್ನು ನಾಲ್ಕೈದು ದಿನದಲ್ಲಿ ಸಾವಿರಾರು ಪೆಂಗ್ವಿನ್ ನೋಡುವವರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿರುವ ಮ್ಯಾಗೆಲನ್ ಜಾತಿ ಅಂಟಾರ್ಕ್ಟಿಕಾದಲ್ಲಿ ಇಲ್ಲ ಅನ್ನೋದು ನಿಜ. ಹಕ್ಕಿ ನೋಡುವ ಹುಚ್ಚು ಇದ್ದರೆ ಹೋಗಿ. ಬೀಗಲ್ ಕಡಲ್ಗಾಲುವೆಯ ದೋಣಿ ವಿಹಾರವೂ ಅಷ್ಟೇ, ನಿಮ್ಮ ಹಡಗು ಅದೇ ನೀರಿನಲ್ಲಿ ಹೊರಡುತ್ತದೆ. ಇನ್ನೊಂದು, 'ಜಗತ್ತಿನ ಕೊನೆ'ಯ ಮುದ್ರೆಯನ್ನು ಪಾಸ್‌ಪೋರ್ಟಿಗೆ ಒತ್ತಿಸಿಕೊಳ್ಳಬೇಡಿ. ಅದು ಸರ್ಕಾರಿ ಮುದ್ರೆ ಅಲ್ಲ, ಆಮೇಲೆ ಯಾವ ದೇಶದ ಅಧಿಕಾರಿ ಏನು ಕೇಳುತ್ತಾರೋ. ಪುಸ್ತಕದಲ್ಲಿ ಒತ್ತಿಸಿಕೊಳ್ಳಿ.

ಹಿಂದಿನ ರಾತ್ರಿ: ಬೀಜ ಹೆಕ್ಕುವ ಕೆಲಸ

ಉದ್ಯಾನದಲ್ಲಿ ನಡೆದು ಬಂದವರಿಗೆ ಇದು ಮುಖ್ಯ. ಹೊರಗಿನ ಬೀಜ, ಮಣ್ಣು ಅಂಟಾರ್ಕ್ಟಿಕಾದ ನೆಲಕ್ಕೆ ಹೋಗಬಾರದು ಅಂತ ಕಟ್ಟುನಿಟ್ಟು. ಹಡಗಿನಲ್ಲಿ ಪ್ರತಿಯೊಬ್ಬರ ಜಾಕೆಟ್, ಬ್ಯಾಗು, ಊರುಗೋಲನ್ನು ಪರೀಕ್ಷೆ ಮಾಡುತ್ತಾರೆ. ಸಿಕ್ಕಿಕೊಳ್ಳುವುದು ಅಂಟುಪಟ್ಟಿಯಲ್ಲಿ, ಅಂದರೆ ವೆಲ್ಕ್ರೋದಲ್ಲಿ. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ದಪ್ಪ ಸೂಜಿ ಇಟ್ಟುಕೊಂಡು ಹೋಟೆಲಿನ ದೀಪದ ಕೆಳಗೆ ಕೂತು ಒಂದೊಂದಾಗಿ ಹೆಕ್ಕಿ. ಜೇಬನ್ನು ಹೊರಗೆಳೆದು ಕೊಡವಿ. ನಮ್ಮ ಮನೆಯವರ ಕ್ಯಾಮೆರಾ ಬ್ಯಾಗಿನ ಮೂಲೆಯಲ್ಲಿ ಸಾಸಿವೆ ಕಾಳು ಸಿಕ್ಕಿತು! ಅದು ಯಾವ ಕಾಲದ ಚಿತ್ರಾನ್ನದ್ದೋ. ಉದ್ಯಾನಕ್ಕೆ ಹಾಕಿಕೊಂಡು ಹೋದ ಶೂಗಳನ್ನು ದಡಕ್ಕೆ ಒಯ್ಯಬೇಡಿ. ತಿಂಡಿಯೂ ಹಡಗಿನ ಕೋಣೆಯಲ್ಲೇ ಉಳಿಯಬೇಕು, ದಡದ ಮೇಲೆ ಏನೂ ತಿನ್ನುವಂತಿಲ್ಲ.

ಹೊರಡುವ ದಿನ

ಸಾಮಾನ್ಯವಾಗಿ ಬೆಳಗ್ಗೆಯೇ ಬ್ಯಾಗುಗಳನ್ನು ಹಡಗಿನವರು ತೆಗೆದುಕೊಂಡು ಹೋಗುತ್ತಾರೆ, ಹೋಟೆಲಿನಿಂದ ಅಥವಾ ಅವರು ಹೇಳಿದ ಜಾಗದಿಂದ. ನೀವು ಹತ್ತುವುದು ಮಧ್ಯಾಹ್ನದ ಮೇಲೆ. ನಡುವಿನ ಆ ಹೊತ್ತಿಗೆ ಪಾಸ್‌ಪೋರ್ಟ್, ವಿಮೆ ಕಾಗದ, ಮಾತ್ರೆ, ಒಂದು ಸ್ವೆಟರ್ ಕೈಯಲ್ಲೇ ಇರಲಿ. ಬ್ಯಾಗಿಗೆ ಹಡಗಿನ ಕೋಣೆಯ ನಂಬರಿನ ಚೀಟಿ ಕಟ್ಟಿ, ಫೋಟೋ ತೆಗೆದುಕೊಳ್ಳಿ. ಮನೆಗೆ ಫೋನ್ ಮಾಡುವುದಿದ್ದರೆ ಬೆಳಗ್ಗೆಯೇ ಮಾಡಿ. ಅಲ್ಲಿ ಮಧ್ಯಾಹ್ನ 3 ಆದಾಗ ಇಲ್ಲಿ ರಾತ್ರಿ 11:30.

ಮಧ್ಯಾಹ್ನ ಹಗುರ ಊಟ. ಹಡಗು ಹೊರಟ ಮೊದಲ ಕೆಲವು ಗಂಟೆ ಕಡಲ್ಗಾಲುವೆಯಲ್ಲಿ ನೀರು ಶಾಂತವಾಗಿರುತ್ತದೆ. ಅದನ್ನು ನೋಡಿ ಮಾತ್ರೆ ಬೇಡ ಅಂತ ಬಿಡುವವರೇ ರಾತ್ರಿ ತೆರೆದ ಕಡಲಿಗೆ ಬಂದಾಗ ಒದ್ದಾಡುವುದು. ಡಾಕ್ಟರ್ ಹೇಳಿದ ಮಾತ್ರೆಯನ್ನು ಮಲಗುವ ಮುಂಚೆ, ಅಲೆ ಶುರುವಾಗುವ ಮುಂಚೆ ತೆಗೆದುಕೊಳ್ಳಿ.

ವಾಪಸ್ ಟಿಕೆಟಿನ ಮಾತು ಒಂದು ಉಳಿದಿದೆ. ಹಡಗು ಸಾಮಾನ್ಯವಾಗಿ ಬೆಳಗ್ಗೆ ಉಶುವಾಯಾಕ್ಕೆ ಬರುತ್ತದೆ, ತಿಂಡಿ ಆದ ಮೇಲೆ ಇಳಿಸುತ್ತಾರೆ. ಬಾಡಿಗೆ ಪ್ಯಾಂಟು ಮರಳಿಸಬೇಕು, ಹವಾಮಾನ ಕೆಟ್ಟರೆ ಹಡಗೇ ತಡವಾಗಬಹುದು. ಮಧ್ಯಾಹ್ನದ ನಂತರದ ವಿಮಾನ ಹಿಡಿಯಿರಿ. ಬ್ಯೂನಸ್ ಐರಿಸ್‌ನಿಂದ ಭಾರತದ ಕಡೆಗಿನ ವಿಮಾನ ಮಾತ್ರ ಮಾರನೆಯ ದಿನದ್ದೇ ಇರಲಿ.